ಕದಲದ ಚಿತ್ರ, ಕದಲುವ ಕಣ್ಣು

ಕಣ್ಣಿಗೆ ಸೇರಿದ ವಿಷಯವೊಂದನ್ನು ಕಿವಿಯ ಮೂಲಕ ತಿಳಿಸಲು ಹೊರಡುವುದು ಸಾಹಸವೇ ಸರಿ. ಅದರಲ್ಲಿಯೂ ನಾನು ಇಂದು ಹೇಳಬೇಕೆಂದಿರುವ ಚಿತ್ರಗಳಲ್ಲಿ ಕಥೆಯಿಲ್ಲ, ಮನುಷ್ಯರಿಲ್ಲ, ಮರಗಿಡಗಳಿಲ್ಲ. ಇರುವುದು ಗೆರೆ, ಚೌಕ, ವೃತ್ತ, ಬಣ್ಣ, ಇಷ್ಟೆ. ಆದರೆ ಒಂದು ಅನುಕೂಲವೂ ಉಂಟು. ರವಿವರ್ಮನ ಚಿತ್ರವೊಂದನ್ನು ಮಾತಿನಲ್ಲಿ ಎಷ್ಟು ಬಣ್ಣಿಸಿದರೂ ಕೇಳಿದವರು ಅದನ್ನು ಮನೆಯಲ್ಲಿ ಕುಳಿತು ಬರೆದುಕೊಳ್ಳಲಾರರು. ನಾನು ಹೇಳುವ ಚಿತ್ರಗಳಲ್ಲಿ ಒಂದನ್ನಾದರೂ ಹಾಗೆ ಬರೆದುಕೊಳ್ಳಬಹುದು. ಅಳತೆಪಟ್ಟಿ, ಪೆನ್ಸಿಲು, ಕಪ್ಪು ಶಾಯಿ ಇದ್ದರೆ ಸಾಕು.

ಚದುರಂಗದ ಹಲಗೆಯನ್ನು ನೆನೆಯಿರಿ. ಕಪ್ಪು ಬಿಳಿಯ ಚೌಕಗಳು ಸಾಲುಸಾಲಾಗಿ ಒಂದರ ಕೆಳಗೊಂದು ಇವೆ. ಈಗ ಎಡದಿಂದ ಬಲಕ್ಕೆ ಸಾಗಿದಂತೆಲ್ಲ ಪ್ರತಿಯೊಂದು ಮನೆಯ ಎತ್ತರವನ್ನು ಇದ್ದಷ್ಟೇ ಇರಿಸಿ, ಅಗಲವನ್ನು ಮಾತ್ರ ತುಸುತುಸುವೇ ಕಿರಿದು ಮಾಡುತ್ತ ಬನ್ನಿರಿ. ಹಲಗೆಯ ನಡುವನ್ನು ದಾಟಿ ಸ್ವಲ್ಪ ಬಲಕ್ಕೆ ಬರುವ ವೇಳೆಗೆ ಚೌಕವು ಒಂದು ಕಡ್ಡಿಯಷ್ಟು ತೆಳ್ಳಗಾಗಲಿ. ಅಲ್ಲಿಂದ ಮುಂದೆ ಅದು ಮತ್ತೆ ಅಗಲವಾಗುತ್ತ ಹೋಗಲಿ. ಚಿತ್ರ ಮುಗಿಯಿತು. ಇಂಗ್ಲೆಂಡಿನ ಬ್ರಿಜೆಟ್ ರೈಲಿ ಎಂಬ ಕಲಾವಿದೆ 1961ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಬರೆದ ಚಿತ್ರ ಇದು. ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’, ಅಂದರೆ ಚೌಕಗಳಲ್ಲಿ ಚಲನೆ, ಎಂದು ಅದರ ಹೆಸರು. ಉದ್ದಗಲ ಹೆಚ್ಚುಕಡಮೆ ನಾಲ್ಕು ನಾಲ್ಕು ಅಡಿ.

ಇದರ ಮುಂದೆ ನಿಂತವರಿಗೆ ಕಾಣುವುದೇನು? ಚಪ್ಪಟೆಯಾದ ಹಲಗೆಯು ತೆರೆದಿಟ್ಟ ದಪ್ಪ ಪುಸ್ತಕದ ಹಾಳೆಗಳಂತೆ ಬಾಗಿ, ಒಂದು ಬಿರುಕಿನೊಳಕ್ಕೆ ಇಳಿದು ಹೋಗುತ್ತಿರುವ ಹಾಗೆ ತೋರುತ್ತದೆ. ಬಿರುಕಿನ ಬಳಿ ಕಪ್ಪು ಬಿಳುಪುಗಳು ನಡುಗುತ್ತವೆ. ಕಣ್ಣನ್ನು ಅಲ್ಲಿ ನಿಲ್ಲಿಸಲು ಯತ್ನಿಸಿದಷ್ಟೂ ಅದು ನಿಲ್ಲದೆ ಜಾರುತ್ತದೆ. ಅಳತೆಪಟ್ಟಿಯನ್ನಿಟ್ಟು ನೋಡಿದರೆ ಗೆರೆಗಳೆಲ್ಲ ನೆಟ್ಟಗಿವೆ, ಹಲಗೆ ಮಟ್ಟಸವಾಗಿದೆ, ಬಣ್ಣ ಒಣಗಿದೆ. ಕದಲುವುದು ಏನೂ ಇಲ್ಲ. ಆದರೂ ಕದಲಿಕೆ ಕಾಣುತ್ತದೆ.

ನಮ್ಮ ಭಾಷೆಯಲ್ಲಿ ಇಂತಹುದಕ್ಕೆ ಒಂದು ಮಾತು ಸಿದ್ಧವಾಗಿದೆ: ಕಣ್ಕಟ್ಟು. ಈ ಬಗೆಯ ಚಿತ್ರಗಳು ಯೂರೋಪು ಅಮೆರಿಕಗಳಲ್ಲಿ ಹೆಸರಾದಾಗ ಅಲ್ಲಿಯ ವಿಮರ್ಶಕರಲ್ಲಿಯೂ ಹಲವರು ಕೊಟ್ಟ ತೀರ್ಪು ಇದೇ ಅರ್ಥದ್ದು. 1964ರಲ್ಲಿ ‘ಆಪ್ ಆರ್ಟ್’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ‘ಆಪ್ಟಿಕಲ್’ ಎಂಬುದರ ಮೋಟುರೂಪ ಅದು. ಹೆಸರಿನಲ್ಲಿಯೇ ಸ್ವಲ್ಪ ಹಗುರವಿದೆ. ಇದು ಬರಿಯ ಕಣ್ಕಟ್ಟೋ, ಅಥವಾ ಕಲೆಯೋ ಎಂಬುದೇ ಇಂದಿನ ನನ್ನ ಪ್ರಶ್ನೆ. ಕಾವ್ಯವನ್ನು ಓದುವವರಿಗೂ ಇದು ಪರಕೀಯವಾದ ಪ್ರಶ್ನೆಯಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಕಲೆಯ ಹಿನ್ನೆಲೆ. ಚಿತ್ರವೂ ಶಿಲ್ಪವೂ ಸ್ಥಿರವಾದ ವಸ್ತುಗಳು. ಅವುಗಳಲ್ಲಿ ಚಲನೆಯನ್ನು ಸೂಚಿಸಬಹುದೇ ಹೊರತು ತರಲಾಗದು ಎಂಬ ಭಾವನೆ ಬಹುಕಾಲ ಇತ್ತು. ರಷ್ಯದ ನೌಮ್ ಗಾಬೊ 1920ರ ಸುಮಾರಿನಲ್ಲಿ ಒಂದು ಉಕ್ಕಿನ ಕಡ್ಡಿಯನ್ನು ಮೋಟಾರಿನಿಂದ ಕಂಪಿಸುವಂತೆ ಮಾಡಿ ಅದನ್ನೇ ಶಿಲ್ಪವೆಂದು ಮುಂದಿಟ್ಟನು. ಕಡ್ಡಿ ವೇಗವಾಗಿ ನಡುಗುವಾಗ ಗಾಳಿಯಲ್ಲಿ ಒಂದು ತುಂಬಿದ ಆಕಾರ ನಿಂತಂತೆ ಕಾಣುತ್ತದೆ. ಮೋಟಾರು ನಿಂತರೆ ಆಕಾರವೂ ಇಲ್ಲ. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಯಂತ್ರಶಾಸ್ತ್ರವನ್ನು ಓದಿದವನು. ಅವನು ತಂತಿಗೆ ತಗಡಿನ ಎಲೆಗಳನ್ನು ಕಟ್ಟಿ ಸೂರಿನಿಂದ ತೂಗುಹಾಕಿದನು. ಗಾಳಿ ಬೀಸಿದ ಹಾಗೆ ಅವು ತಿರುಗುತ್ತಿದ್ದುವು. ಅವಕ್ಕೆ ‘ಮೊಬೈಲ್’ ಎಂದು 1931ರಲ್ಲಿ ಹೆಸರಿಟ್ಟವನು ಮಾರ್ಸೆಲ್ ಡುಶಾಂಪ್. ಕಾಲ್ಡರ್ 1955ರಲ್ಲಿ ನಮ್ಮ ದೇಶಕ್ಕೂ ಬಂದಿದ್ದನು; ಅಹಮದಾಬಾದಿನ ಸಾರಾಭಾಯಿ ಕುಟುಂಬದ ಅತಿಥಿಯಾಗಿದ್ದು ಅಲ್ಲಿಯೇ ಹಲವು ಕೃತಿಗಳನ್ನು ಮಾಡಿದನು.

ಅದೇ 1955ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಡೆನಿಸ್ ರೆನೆ ಗ್ಯಾಲರಿಯಲ್ಲಿ ‘ಲ ಮೂವ್‌ಮಾಂ’, ಎಂದರೆ ‘ಚಲನೆ’, ಎಂಬ ಪ್ರದರ್ಶನ ನಡೆಯಿತು. ಕಾಲ್ಡರ್, ಡುಶಾಂಪ್, ತಾಂಗ್ಲಿ, ಸೋತೊ, ಅಗಾಂ ಮೊದಲಾದವರ ಕೃತಿಗಳು ಅಲ್ಲಿದ್ದುವು. ಅವರ ಜೊತೆಯಲ್ಲಿದ್ದವನು ವಿಕ್ತೋರ್ ವಾಸರೇಲಿ. ಇವನು 1906ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ನಡುವೆ ಬಿಟ್ಟು, 1930ರಲ್ಲಿ ಪ್ಯಾರಿಸ್ಸಿಗೆ ಬಂದು ಜಾಹೀರಾತಿನ ಚಿತ್ರಗಳನ್ನು ಬರೆದು ಬಾಳಿದವನು. ಕಾಲ್ಡರನ ಎಲೆಗಳನ್ನು ಗಾಳಿ ಕದಲಿಸುತ್ತಿತ್ತು; ಗಾಬೊನ ಕಡ್ಡಿಯನ್ನು ಮೋಟಾರು ಕದಲಿಸುತ್ತಿತ್ತು. ವಾಸರೇಲಿಗೆ ಇವೆರಡೂ ಬೇಕಾಗಲಿಲ್ಲ. ಅವನ ‘ವೇಗ’ ಎಂಬ ಸರಣಿಯನ್ನು ತೆಗೆದುಕೊಳ್ಳಿ. ಇದು ನಮ್ಮ ‘ವೇಗ’ವಲ್ಲ, ಅಭಿಜಿತ್ ನಕ್ಷತ್ರದ ಪಾಶ್ಚಾತ್ಯ ಹೆಸರು. ಸಮನಾದ ಚೌಕಗಳ ಅಥವಾ ಬೊಟ್ಟುಗಳ ಜಾಲವೊಂದನ್ನು ಎಳೆದು, ಒಂದು ಕಡೆ ಅವನ್ನು ಕ್ರಮವಾಗಿ ದೊಡ್ಡದು ಮಾಡುತ್ತ, ಅದರ ಅಂಚಿನಲ್ಲಿ ಕ್ರಮವಾಗಿ ಒತ್ತುತ್ತ ಹೋದರೆ, ಚಪ್ಪಟೆ ಬಟ್ಟೆಯೊಳಗಿಂದ ಒಂದು ಚೆಂಡು ಉಬ್ಬಿ ನಮ್ಮ ಕಡೆಗೆ ಬರುವಂತೆ ಕಾಣುತ್ತದೆ. ಗಾಬೊ ಚಲನೆಯಿಂದ ನಿಂತ ಆಕಾರವನ್ನು ಪಡೆದನು. ವಾಸರೇಲಿ, ರೈಲಿ ಮುಂತಾದವರು ನಿಂತ ಆಕಾರದಿಂದ ಚಲನೆಯನ್ನು ಪಡೆದರು. ದಾರಿ ತಿರುಗುಮುರುಗಾಗಿದೆ. ಎರಡು ಕಡೆಯಲ್ಲಿಯೂ ಕೃತಿಯನ್ನು ಪೂರ್ತಿಗೊಳಿಸುವುದು ನೋಡುವವನ ಕಣ್ಣು.

ಆ ಕಣ್ಣಿನ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ. ‘ಎವೆಯಿಕ್ಕದೆ ನೋಡಿದನು’ ಎಂದು ನಾವು ಹೇಳುತ್ತೇವೆ; ಆದರೆ ಎವೆಯಿಕ್ಕದ ಕಣ್ಣೂ ನಿಂತ ಕಣ್ಣಲ್ಲ. ಒಂದು ಬಿಂದುವಿನಲ್ಲಿ ದೃಷ್ಟಿಯನ್ನು ನೆಟ್ಟಿದ್ದೇವೆಂದು ನಾವು ಭಾವಿಸಿರುವಾಗಲೂ ಕಣ್ಣುಗುಡ್ಡೆ ಅತಿ ಸಣ್ಣದಾಗಿ ಕಂಪಿಸುತ್ತಿರುತ್ತದೆ, ಮೆಲ್ಲಗೆ ಸರಿಯುತ್ತಿರುತ್ತದೆ, ನಡುನಡುವೆ ಚಿಕ್ಕ ಚಿಕ್ಕ ನೆಗೆತಗಳನ್ನು ನೆಗೆಯುತ್ತಿರುತ್ತದೆ. ಇದು ಕಣ್ಣಿನ ದೋಷವಲ್ಲ, ಅದರ ಜೀವ. 1950ರ ದಶಕದ ಮೊದಲಲ್ಲಿ ವಿಜ್ಞಾನಿಗಳು ಒಂದು ಉಪಾಯ ಮಾಡಿದರು: ಕಣ್ಣು ಕದಲಿದಂತೆಲ್ಲ ನೋಟದ ವಸ್ತುವೂ ಅಷ್ಟೇ ಕದಲುವಂತೆ ಏರ್ಪಡಿಸಿ, ಬಿಂಬವು ಅಕ್ಷಿಪಟದ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿದರು. ಆಗ ಕೆಲವೇ ಕ್ಷಣಗಳಲ್ಲಿ ಆ ವಸ್ತು ಮಸುಕಾಗಿ ಮಾಯವಾಯಿತು. ಕಾಣಬೇಕಾದರೆ ಕದಲಬೇಕು, ಕದಲದ ಕಣ್ಣು ಕುರುಡು.

ದಿನನಿತ್ಯದ ನೋಟದಲ್ಲಿ ಈ ಕದಲಿಕೆಯನ್ನು ಮಿದುಳು ಲೆಕ್ಕ ಹಾಕಿ ಕಳೆದುಬಿಡುತ್ತದೆ. ಮನೆ ಮನೆಯಾಗಿ, ಮರ ಮರವಾಗಿ ನೆಲೆ ನಿಂತು ಕಾಣುತ್ತದೆ. ಆದರೆ ಒತ್ತೊತ್ತಾಗಿ, ಒಂದೇ ಸಮನಾಗಿ ಎಳೆದ ಕಪ್ಪು ಬಿಳಿಯ ಗೆರೆಗಳ ಮುಂದೆ ಕಣ್ಣು ಕೂದಲೆಳೆಯಷ್ಟು ಸರಿದರೂ ಕಪ್ಪಿದ್ದೆಡೆ ಬಿಳಿ, ಬಿಳಿಯಿದ್ದೆಡೆ ಕಪ್ಪು ಬರುತ್ತದೆ. ಅಲ್ಲಿ ಮಿದುಳಿನ ಲೆಕ್ಕ ತಪ್ಪುತ್ತದೆ. 1963ರ ರೈಲಿಯವರ ‘ಫಾಲ್’ ಎಂಬ ಚಿತ್ರದಲ್ಲಿ ಇರುವುದು ಮೇಲಿನಿಂದ ಕೆಳಗಿಳಿಯುವ ಒಂದೇ ಒಂದು ಬಳುಕುಗೆರೆ. ಅದನ್ನೇ ಪಕ್ಕಪಕ್ಕದಲ್ಲಿ ಉದ್ದಕ್ಕೂ ಮರುಬರೆಯಲಾಗಿದೆ. ಮೇಲೆ ಬಳುಕು ಸಾವಕಾಶವಾಗಿದೆ, ಕೆಳಗೆ ಇಳಿದಂತೆ ಬಿಗಿಯಾಗುತ್ತದೆ. ನೋಡುವವರಿಗೆ ಜಲಪಾತದ ಅಂಚಿನಲ್ಲಿ ನಿಂತ ತಲ್ಲಣ.

ಇನ್ನೊಂದು ಉದಾಹರಣೆ. ಇಸಿಯಾ ಲೆವಿಯಾಂಟ್ ಎಂಬ ಕಲಾವಿದ 1981ರಲ್ಲಿ ‘ಎನಿಗ್ಮಾ’ ಎಂಬ ಚಿತ್ರವನ್ನು ಮಾಡಿದನು. ನಡುವಿನ ಬಿಂದುವಿನಿಂದ ಸುತ್ತಲೂ ಕಪ್ಪು ಬಿಳಿಯ ಕಿರಣಗಳು ಹೊರಟಿವೆ. ಆ ಕಿರಣಗಳನ್ನು ಕಡಿದುಕೊಂಡು ಕೆಲವು ಬಣ್ಣದ ಬಳೆಗಳಿವೆ. ಸ್ವಲ್ಪ ಹೊತ್ತು ನೋಡಿದರೆ ಬಳೆಗಳೊಳಗೆ ಏನೋ ಸುತ್ತುತ್ತ ಹರಿಯುವಂತೆ ತೋರುತ್ತದೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಲಂಡನ್ನಿನ ಸೆಮೀರ್ ಝೆಕಿ ಮತ್ತು ಸಂಗಡಿಗರು ಈ ಚಿತ್ರವನ್ನು ನೋಡುತ್ತಿರುವವರ ಮಿದುಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಸಂಗತಿ ಕುತೂಹಲಕರವಾದುದು. ನಿಜವಾಗಿ ಚಲಿಸುವ ವಸ್ತುವನ್ನು ಕಂಡಾಗ ಎಚ್ಚೆತ್ತುಕೊಳ್ಳುವ ಮಿದುಳಿನ ಭಾಗವೇ ಇಲ್ಲಿಯೂ ಎಚ್ಚೆತ್ತಿತ್ತು. ಕಣ್ಣಿನ ಸೂಕ್ಷ್ಮ ನೆಗೆತಗಳು ಹೆಚ್ಚಿದಾಗ ಹರಿವಿನ ವೇಗವೂ ಹೆಚ್ಚಾಗಿ ಕಾಣುತ್ತದೆಂದು 2008ರ ಮತ್ತೊಂದು ಸಂಶೋಧನೆ ತೋರಿಸಿತು. ಚಲನೆ ಹಲಗೆಯಲ್ಲಿಲ್ಲ ನಿಜ. ಆದರೆ ಎಲ್ಲಿಯೂ ಇಲ್ಲವೆನ್ನುವ ಹಾಗಿಲ್ಲ.

ಇನ್ನು ಬಣ್ಣದ ಮಾತು. ಇದಕ್ಕೆ ನೂರೈವತ್ತು ವರ್ಷಕ್ಕೂ ಹಳೆಯದಾದ ಒಂದು ಕಾರ್ಖಾನೆಯ ಕಥೆಯನ್ನು ಹೇಳಬೇಕು. ಪ್ಯಾರಿಸ್ಸಿನ ಗೊಬೆಲಾಂ ಎಂಬ ಪ್ರಸಿದ್ಧ ಚಿತ್ರಪಟ ನೆಯ್ಗೆಯ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಕಪ್ಪು ನೂಲಿನಲ್ಲಿ ಕಸುವಿಲ್ಲ, ನೆರಳಿಗೆ ಹಾಕಿದರೆ ಸಪ್ಪೆಯಾಗಿ ಕಾಣುತ್ತದೆ ಎಂದು ದೂರು ಬಂದಿತು. ಅವನು ಆ ನೂಲನ್ನು ಬೇರೆ ಊರುಗಳ ಕಪ್ಪು ನೂಲಿನೊಡನೆ ಹೋಲಿಸಿ ನೋಡಿದನು; ಬಣ್ಣದಲ್ಲಿ ಏನೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ನೆರೆಯಲ್ಲಿ. ನೀಲಿ, ನೇರಳೆಗಳ ಪಕ್ಕದಲ್ಲಿ ಇಟ್ಟಾಗ ಆ ಕಪ್ಪು ಕಳೆಗುಂದುತ್ತಿತ್ತು. ಎರಡು ಬಣ್ಣಗಳು ಅಕ್ಕಪಕ್ಕದಲ್ಲಿದ್ದಾಗ ತಮ್ಮ ನಡುವಣ ಭೇದವನ್ನು ಪರಸ್ಪರ ಹೆಚ್ಚಿಸಿಕೊಳ್ಳುತ್ತವೆಂಬ ನಿಯಮವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿಯೇ ಪ್ರಕಟಿಸಿದನು. ನೀವೂ ಪರೀಕ್ಷಿಸಬಹುದು. ಒಂದೇ ಬೂದುಬಣ್ಣದ ಕಾಗದದಿಂದ ಎರಡು ಚೂರು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ಮೇಲೆ, ಇನ್ನೊಂದನ್ನು ಹಸುರು ಹಾಳೆಯ ಮೇಲೆ ಇಡಿರಿ. ಕೆಂಪಿನ ಮೇಲಿನ ಬೂದಿಗೆ ಹಸುರಿನ ಛಾಯೆ, ಹಸುರಿನ ಮೇಲಿನ ಬೂದಿಗೆ ಕೆಂಪಿನ ಛಾಯೆ ಬರುತ್ತದೆ. ಬಣ್ಣಕ್ಕೆ ತನ್ನದೇ ಆದ ಸ್ಥಿರವಾದ ಗುಣವಿಲ್ಲ. ಸಹವಾಸದಿಂದ ಅದರ ಗುಣ. ಕಾವ್ಯದಲ್ಲಿ ಪದವೂ ಹೀಗೆಯೇ ಅಲ್ಲವೆ? ನಿಘಂಟಿನಲ್ಲಿ ನಿಸ್ತೇಜವಾಗಿ ಮಲಗಿರುವ ಪದ ಒಂದು ಸಾಲಿನಲ್ಲಿ, ತಕ್ಕ ನೆರೆಯಲ್ಲಿ, ಹೊಳೆಯುತ್ತದೆ.

ಶೆವ್ರಲನ ಈ ನಿಯಮವನ್ನು ಫ್ರಾನ್ಸಿನ ಜಾರ್ಜ್ ಸೆರಾ ಶ್ರದ್ಧೆಯಿಂದ ಅಭ್ಯಾಸ ಮಾಡಿ, ಬಣ್ಣಗಳನ್ನು ತಟ್ಟೆಯಲ್ಲಿ ಬೆರೆಸದೆ ಬೊಟ್ಟುಬೊಟ್ಟಾಗಿ ಪಟದ ಮೇಲಿರಿಸಿ, ಬೆರೆಸುವ ಕೆಲಸವನ್ನು ನೋಡುವವರ ಕಣ್ಣಿಗೆ ಬಿಟ್ಟನು. ರೈಲಿ 1959ರಲ್ಲಿ ಸೆರಾನ ಸೇತುವೆಯ ಚಿತ್ರವೊಂದನ್ನು, ಪುಸ್ತಕದಲ್ಲಿನ ಮುದ್ರಣವನ್ನು ನೋಡಿಕೊಂಡು, ದೊಡ್ಡದಾಗಿ ನಕಲು ಮಾಡಿದರು. ಅವರ ವ್ಯಾಸಂಗ ಅಲ್ಲಿಂದ ಮೊದಲು. ಬಣ್ಣವನ್ನು ಇಷ್ಟು ಹತ್ತಿರದಿಂದ ಅರಿತವರು ಅದನ್ನು ಒಡನೆಯೇ ಬಳಸಲಿಲ್ಲವೆಂಬುದನ್ನು ಗಮನಿಸಬೇಕು. 1961ರಿಂದ ಆರು ವರ್ಷ ಕಪ್ಪು, ಬಿಳಿ, ಬೂದಿ ಇಷ್ಟರಲ್ಲೇ ಕೆಲಸ ಮಾಡಿ, 1967ರ ವೇಳೆಗೆ ಶುದ್ಧ ವರ್ಣಗಳಿಗೆ ಬಂದರು. 1968ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಚಿತ್ರಕಲೆಯ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದಿತು. 1979-80ರ ಚಳಿಗಾಲದಲ್ಲಿ ಈಜಿಪ್ಟಿನ ಸಮಾಧಿಗಳ ಗೋಡೆಚಿತ್ರಗಳನ್ನು ಕಂಡುಬಂದ ಮೇಲೆ ಆ ಪ್ರಾಚೀನರ ಕೆಲವೇ ಬಣ್ಣಗಳನ್ನು ನೆನಪಿನಿಂದ ಕಟ್ಟಿಕೊಂಡು ನೆಟ್ಟನೆಯ ಪಟ್ಟಿಗಳಲ್ಲಿ ಹೊಸ ಸರಣಿಯೊಂದನ್ನು ಬರೆದರು. ತೊಂಬತ್ತು ದಾಟಿದ ಮೇಲೆ, 2023ರಲ್ಲಿ, ರೋಮಿನ ಬ್ರಿಟಿಷ್ ಶಾಲೆಯ ಒಳಸೂರಿನ ಮೇಲೆ ಅವರ ವರ್ಣಚಿತ್ರ ಮೂಡಿತು. ಒಂದು ಕಣ್ಕಟ್ಟಿನ ಚಮತ್ಕಾರವನ್ನು ಹಿಡಿದುಕೊಂಡು ಯಾರೂ ಅರುವತ್ತು ವರ್ಷ ಬಾಳಲಾರರು.

ಆದರೆ 1965ರಲ್ಲಿ ಜಗತ್ತು ಹಾಗೆ ಎಣಿಸಲಿಲ್ಲ. ಆ ವರ್ಷ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ‘ದಿ ರೆಸ್ಪಾನ್ಸಿವ್ ಐ’ ಎಂಬ ಪ್ರದರ್ಶನ ನಡೆಯಿತು. 1,80,000ಕ್ಕೂ ಹೆಚ್ಚು ಜನ ಬಂದರು. ಅದಕ್ಕಾಗಿ ಹೋದ ರೈಲಿ ಕಂಡದ್ದು ಅಂಗಡಿಗಳ ಕಿಟಕಿಗಳಲ್ಲಿ ತಮ್ಮ ಚಿತ್ರಗಳ ಮಾದರಿಯಲ್ಲಿಯೇ ಅಚ್ಚಾದ ಉಡುಪುಗಳನ್ನು. ಯಾರೂ ಅವರ ಅನುಮತಿ ಕೇಳಿರಲಿಲ್ಲ. ತಡೆಯಲು ತಕ್ಕ ಕಾನೂನಿನ ಬಲವೂ ಇರಲಿಲ್ಲ. ಅವರು ಬಹಳ ನೊಂದರು. ವಾಸರೇಲಿಯ ಮನೋಧರ್ಮ ಬೇರೆ. ಒಂದೇ ಮೂಲಪ್ರತಿ, ಒಬ್ಬನೇ ಸಿರಿವಂತ ಒಡೆಯ ಎಂಬ ಪದ್ಧತಿ ಹೋಗಬೇಕು, ಕಲೆ ಸಾವಿರ ಪ್ರತಿಗಳಾಗಿ ಬೀದಿಗೆ ಬರಬೇಕು ಎಂಬುದು ಅವನ ನಿಲುವು. 1972ರಲ್ಲಿ ರೆನೋ ಮೋಟಾರು ಕಂಪೆನಿಯ ಲಾಂಛನವನ್ನು ಹೊಸದಾಗಿ ಬರೆದುಕೊಟ್ಟವನೂ ಅವನೇ. ಇಬ್ಬರ ಪಕ್ಷದಲ್ಲಿಯೂ ನ್ಯಾಯವಿದೆ. ಆದರೆ ನೋಡಲು ನಿಲ್ಲಬೇಕಾದ ವಸ್ತುವನ್ನು ತೊಟ್ಟುಕೊಂಡು ಓಡಾಡಿದರೆ, ಉಳಿಯುವುದು ಅಲಂಕಾರ, ಕಳೆದುಹೋಗುವುದು ನೋಟ. ರೈಲಿಯವರ ನೋವಿನ ಮೂಲ ಇದೆಂದು ನನಗೆ ತೋರುತ್ತದೆ. ಕೆಲವೇ ವರ್ಷಗಳಲ್ಲಿ ಆ ಉಡುಪುಗಳ ಹುಚ್ಚು ಇಳಿಯಿತು. ಅದರ ಜೊತೆಗೆ ಚಿತ್ರಗಳೂ ಹಳತಾದುವೆಂದು ವಿಮರ್ಶಕರು ಕೈತೊಳೆದುಕೊಂಡರು.

ಈಗ ಕಾವ್ಯದ ಓದುಗರಿಗೆ ಪರಿಚಿತವಾದ ಜಾಗಕ್ಕೆ ಬರೋಣ. ನಮ್ಮಲ್ಲಿ ‘ಚಿತ್ರಕಾವ್ಯ’ ಎಂಬುದೊಂದಿದೆ. ಅಕ್ಷರಗಳನ್ನು ಚಕ್ರದ ಹಾಗೆ, ಪದ್ಮದ ಹಾಗೆ, ಮದ್ದಳೆಯ ಹಗ್ಗದ ಹಾಗೆ ಹೆಣೆದು ಬೆರಗುಗೊಳಿಸುವ ರಚನೆ. ಆನಂದವರ್ಧನನು ಇದನ್ನು ಕಾವ್ಯವೆನ್ನಲೊಪ್ಪದೆ ಕಾವ್ಯದ ಅನುಕರಣವೆಂದನು. ಮಮ್ಮಟನು ಮೂರನೆಯ ದರ್ಜೆಗೆ ಇಳಿಸಿದನು. ರಸವಿಲ್ಲದೆ ಬರಿಯ ರಚನಾಚಾತುರ್ಯವಿದ್ದರೆ ಅದು ಕಾವ್ಯವಲ್ಲ. ಹಾಗಾದರೆ ಗೆರೆ ಚೌಕಗಳ ಈ ಚಿತ್ರಗಳು ಚಿತ್ರಕಲೆಯ ಚಿತ್ರಕಾವ್ಯವೆ? ಆಕ್ಷೇಪ ಬಲವಾದುದೇ. ಆದರೆ ಒಂದು ಭೇದವನ್ನು ಮರೆಯಬಾರದು. ಚಕ್ರಬಂಧದ ಚಾತುರ್ಯ ಪತ್ತೆಯಾದೊಡನೆ ಅದರ ಆಟ ಮುಗಿಯುತ್ತದೆ. ರೈಲಿಯವರ ಚಿತ್ರದಲ್ಲಿ ಪತ್ತೆ ಮಾಡುವುದೇ ಏನೂ ಇಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ. ಜಾದೂಗಾರನು ತನ್ನ ಕೈಚಳಕವನ್ನು ಮುಚ್ಚಿಡುತ್ತಾನೆ. ಗುಟ್ಟು ತಿಳಿದರೆ ಬೆರಗು ಸಾಯುತ್ತದೆ. ಇಲ್ಲಿ ಗುಟ್ಟನ್ನು ನಾನು ನಿಮಗೆ ಹೇಳಿಯಾಯಿತು, ಅಳತೆಯನ್ನೂ ಕೊಟ್ಟಾಯಿತು. ನೀವೇ ಬರೆದರೂ, ಬರೆದವರು ನೀವೇ ಎಂದು ತಿಳಿದಿದ್ದರೂ, ಹಲಗೆ ಬಾಗಿಯೇ ಬಾಗುತ್ತದೆ. ಇದು ಕಣ್ಣನ್ನು ಕಟ್ಟುವ ವಿದ್ಯೆಯಲ್ಲ, ಕಣ್ಣಿಗೆ ಅದರ ಕೆಲಸವನ್ನು ಬಿಚ್ಚಿ ತೋರಿಸುವ ವಿದ್ಯೆ.

ರಸಸೂತ್ರಕ್ಕೆ ವ್ಯಾಖ್ಯಾನ ಮಾಡಿದವರಲ್ಲಿ ಶ್ರೀಶಂಕುಕನದು ಒಂದು ಪ್ರಸಿದ್ಧ ದೃಷ್ಟಾಂತ: ಚಿತ್ರತುರಗ, ಚಿತ್ರದ ಕುದುರೆ. ನಟನನ್ನು ರಾಮನೆಂದು ನೋಡುವ ಪ್ರೇಕ್ಷಕನ ಅರಿವು ‘ಇವನೇ ರಾಮ’ ಎಂಬ ನಿಶ್ಚಯವಲ್ಲ. ‘ಇವನು ರಾಮನಲ್ಲ’ ಎಂದು ಬಾಧಿತವಾಗುವ ಮಿಥ್ಯೆಯಲ್ಲ. ‘ಹೌದೋ ಅಲ್ಲವೋ’ ಎಂಬ ಸಂಶಯವಲ್ಲ. ‘ರಾಮನಂತಿದ್ದಾನೆ’ ಎಂಬ ಸಾದೃಶ್ಯವೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದುದು ಅದು, ಚಿತ್ರದ ಕುದುರೆಯನ್ನು ಕುದುರೆಯೆನ್ನುವ ಹಾಗೆ. ಅಭಿನವಗುಪ್ತನು ಶಂಕುಕನ ಮತವನ್ನು ಖಂಡಿಸಿದನು. ಆದರೂ ಆ ದೃಷ್ಟಾಂತ ಉಳಿಯಿತು. ‘ಫಾಲ್’ ಚಿತ್ರದ ಅಲೆಯನ್ನು ಕಾಣುವವರ ಅರಿವನ್ನು ಈ ನಾಲ್ಕು ಮಾತುಗಳಿಂದ ಅಳೆದು ನೋಡಿ. ಅದು ಚಲಿಸುತ್ತಿದೆಯೆಂದು ಯಾರೂ ನಂಬುವುದಿಲ್ಲ. ಚಲಿಸುತ್ತಿಲ್ಲವೆಂದು ತಿಳಿದರೂ ಚಲನೆ ನಿಲ್ಲುವುದಿಲ್ಲ. ಸಂಶಯವೂ ಇಲ್ಲ. ಇನ್ನಾವುದನ್ನೋ ಹೋಲುತ್ತದೆಯೆನ್ನಲು ಅಲ್ಲಿ ಕುದುರೆಯೂ ಇಲ್ಲ. ಶಂಕುಕನು ಚಿತ್ರದಿಂದ ನಾಟಕಕ್ಕೆ ಕೊಂಡೊಯ್ದ ಹೋಲಿಕೆಯನ್ನು ಈ ಕಲೆ ಮತ್ತೆ ಚಿತ್ರಕ್ಕೆ ತಂದುಕೊಟ್ಟಿದೆ; ಅದೂ ಕುದುರೆಯನ್ನು ಬಿಟ್ಟು, ಓಟವನ್ನು ಮಾತ್ರ ಉಳಿಸಿಕೊಂಡು.

ಓಟವೊಂದರಿಂದ ರಸ ಹುಟ್ಟುವುದೆ ಎಂದು ನೀವು ಕೇಳಬಹುದು. ಇದಕ್ಕೆ ಶಾಸ್ತ್ರದಿಂದ ಉತ್ತರ ಕೊಡುವ ಬದಲು ಒಂದು ನೆಲಹಾಸನ್ನು ತೋರಿಸುತ್ತೇನೆ. ವೆನೆಜುವೇಲದ ಕಾರ್ಲೊಸ್ ಕ್ರೂಸ್ ದಿಯೆಸ್ 1923ರಲ್ಲಿ ಕರಾಕಸ್ಸಿನಲ್ಲಿ ಹುಟ್ಟಿ, 1960ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿ, 2019ರಲ್ಲಿ ಅಲ್ಲಿಯೇ ತೀರಿಕೊಂಡ ಕಲಾವಿದ. ಕರಾಕಸ್ ಬಳಿಯ ಮೈಕೆತಿಯಾ ವಿಮಾನ ನಿಲ್ದಾಣಕ್ಕಾಗಿ 1970ರ ದಶಕದಲ್ಲಿ ಅವನು ಬಣ್ಣದ ಬಿಲ್ಲೆಗಳ ದೊಡ್ಡ ನೆಲವನ್ನು ರಚಿಸಿದನು. ತೆಳುವಾದ ಪಟ್ಟಿಗಳು ಓರೆಯಾಗಿ ಒಂದರ ಪಕ್ಕ ಒಂದು ಓಡುತ್ತವೆ. ನಡೆದು ಹೋಗುವವರಿಗೆ ಹೆಜ್ಜೆಹೆಜ್ಜೆಗೂ ಬಣ್ಣ ಬದಲಾದಂತೆ, ನೆಲವೇ ಜೊತೆಗೆ ಸಾಗಿದಂತೆ ಕಾಣುತ್ತದೆ. ದೇಶ ಎಣ್ಣೆಯ ಸಂಪತ್ತಿನಿಂದ ಬೀಗುತ್ತಿದ್ದ ಕಾಲದ ಕೃತಿ ಅದು. ಮುಂದೆ ಆ ದೇಶ ಕುಸಿಯಿತು. 2014ರ ಈಚೆಗೆ 70 ಲಕ್ಷಕ್ಕೂ ಹೆಚ್ಚು ಜನ ಬದುಕನ್ನು ಹುಡುಕಿಕೊಂಡು ಹೊರಗೆ ಹೋದರು. ವಿಮಾನವೇರುವ ಮೊದಲು ಅವರಲ್ಲಿ ಎಷ್ಟೋ ಮಂದಿ ತಲೆ ತಗ್ಗಿಸಿ, ಆ ಬಣ್ಣದ ನೆಲದ ಮೇಲೆ ನಿಂತ ತಮ್ಮ ಪಾದಗಳ, ಪಕ್ಕದ ಪೆಟ್ಟಿಗೆಯ, ಒಂದು ಫೋಟೋ ತೆಗೆದುಕೊಂಡು ಹೋದರು. ತಾಯ್ನೆಲವೆಂಬ ಮಾತಿಗೆ ಅವರ ಪಾಲಿಗೆ ಉಳಿದ ಗುರುತು ಅದು.

ಆ ಬಿಲ್ಲೆಗಳಲ್ಲಿ ಅಗಲಿಕೆಯ ಕಥೆಯೇನೂ ಬರೆದಿರಲಿಲ್ಲ. ರಚಿಸಿದವನು ಬಣ್ಣದ ವರ್ತನೆಯನ್ನು ತೋರಿಸಬೇಕೆಂದಿದ್ದನು, ಅಷ್ಟೆ. ಬಣ್ಣಗಳು ಒಂದರ ಬಳಿ ಒಂದು ನಿಂತು ಬೇರೆಯಾಗುತ್ತವೆ. ಚಲನೆ ಕಾಲಿನಿಂದ ಬಂದು ಕಣ್ಣಿನಲ್ಲಿ ಕೂಡುತ್ತದೆ. ಅದರ ಮೇಲೆ ನಿಂತ ಮನುಷ್ಯ ತನ್ನ ಬದುಕಿನ ಭಾರವನ್ನು ತಂದು ಸೇರಿಸುತ್ತಾನೆ. ಸಹೃದಯನಿಲ್ಲದೆ ಕಾವ್ಯ ಪೂರ್ಣವಾಗದೆಂದು ನಮ್ಮ ಆಚಾರ್ಯರು ಹೇಳಿದುದನ್ನು ಈ ಕಲೆ ಕಣ್ಣಿನ ಮಟ್ಟದಲ್ಲಿಯೇ, ಪ್ರತ್ಯಕ್ಷವಾಗಿಯೇ ನಡೆಸಿ ತೋರಿಸುತ್ತದೆ. ನೋಡುವವರು ಎದ್ದು ಹೋದ ಕೋಣೆಯಲ್ಲಿ ರೈಲಿಯವರ ಚಿತ್ರ ಚಲಿಸುವುದಿಲ್ಲ.

ಈ ಚಿತ್ರಗಳ ಮೂಲಪ್ರತಿಗಳು ಬಹುಮಟ್ಟಿಗೆ ದೂರದ ಊರುಗಳಲ್ಲಿವೆ. ನಮ್ಮಂಥವರಿಗೆ ದೊರೆಯುವುದು ಹೆಚ್ಚಾಗಿ ಅಚ್ಚಿನ ಪ್ರತಿಗಳೇ. ನಾನೂ ಅವನ್ನು ನೋಡಿಯೇ ಇಷ್ಟು ಮಾತನಾಡಿದ್ದೇನೆ. ಅದಕ್ಕಾಗಿ ಕೊರಗಬೇಕಾಗಿಲ್ಲ, ರೈಲಿಯವರೂ ಸೆರಾನನ್ನು ಪುಸ್ತಕದ ಹಾಳೆಯಿಂದಲೇ ಕಲಿತವರು. ಬಿಡುವಾದಾಗ ಒಂದು ಹಾಳೆಯಲ್ಲಿ ಆ ಚೌಕಗಳನ್ನು ಬರೆದು ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ನಿಮಿಷ ಪೂರ್ತಿಯಾಗಿ ನೋಡಿರಿ. ಒಂದು ನಿಮಿಷ ಯಾವುದೇ ವಸ್ತುವನ್ನು ಬರಿದೆ ನೋಡುವುದು ಎಷ್ಟು ಕಷ್ಟವೆಂಬುದು ಮೊದಲು ತಿಳಿಯುತ್ತದೆ. ಹಲಗೆ ಬಾಗುವುದು ಆಮೇಲೆ.